ಬಾಗಿನ ಕಳಿಸಿದರೆ ಸಾಲದು, ಬಾಗಿಲೂ ತೆರೆದಿರಬೇಕು

ನನ್ನ ಅಜ್ಜಿ, ಅಂದರೆ ನಮ್ಮ ತಂದೆಯ ತಾಯಿ, ತೊಂಬತ್ತರ ಹತ್ತಿರ ಬದುಕಿ 1998ರಲ್ಲಿ ತೀರಿಕೊಂಡಳು. ಹಾಸನದ ಕಡೆಯ ಹಳ್ಳಿ ನಮ್ಮದು. ಇಂದಿಗೂ ಮನೆಯಲ್ಲಿ ಹತ್ತು ಜನ ಸೇರಿದರೆ ಅವಳ ಮಾತು ಬಂದೇ ಬರುತ್ತದೆ. ನಸುಕಿಗೇ ಎದ್ದು ತಣ್ಣೀರು ಸ್ನಾನ ಮಾಡಿ ತುಳಸಿಕಟ್ಟೆಗೆ ನೀರೆರೆಯುತ್ತಿದ್ದುದು, ಏಕಾದಶಿಯ ಉಪವಾಸ, ಶುಕ್ರವಾರದ ಪೂಜೆ, ಎಲ್ಲರಿಗೂ ಬಡಿಸಿ ಕಡೆಗೆ ತಳದ ಅನ್ನ ಉಣ್ಣುತ್ತಿದ್ದುದು ಎಲ್ಲವನ್ನೂ ನೆನೆಯುತ್ತಾರೆ. ಕೊನೆಗೆ ಯಾರಾದರೊಬ್ಬರು ಹೇಳುತ್ತಾರೆ: "ಎಷ್ಟು ಸಹಿಸಿಕೊಂಡಳು ಪುಣ್ಯಾತ್ಗಿತ್ತಿ! ಆ ತಾಳ್ಮೆ ಈಗಿನ ಹುಡುಗಿಯರಿಗೆ ಎಲ್ಲಿದೆ?"

ಈ ಮಾತು ಬಂದಾಗಲೆಲ್ಲ ಅಲ್ಲಿ ಕೂತ ಸೊಸೆಯಂದಿರು ತಲೆ ತಗ್ಗಿಸುವುದನ್ನು ನೋಡಿದ್ದೇನೆ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಈಗ ಹೇಳಲೇಬೇಕು ಅನ್ನಿಸಿದೆ. ಏಕೆಂದರೆ ಅಜ್ಜಿಯ ಕಥೆಯನ್ನು ನಾವು ಅರ್ಧ ಮಾತ್ರ ಹೇಳುತ್ತಾ ಬಂದಿದ್ದೇವೆ.

ಅಜ್ಜಿಗೆ ಮೂವರು ಹೆಣ್ಣುಮಕ್ಕಳು. ನಡುವಿನ ಸೋದರತ್ತೆಗೆ ಮದುವೆಯಾದಾಗ ನನಗೆ ಆರೇಳು ವರ್ಷ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಆದರೆ ನಮ್ಮೂರಲ್ಲಿ ಅದರ ಹೆಸರು ಕೇಳಿದವರು ಯಾರು? ಸೈಕಲ್ಲು, ಕೈಗಡಿಯಾರ ಕೊಟ್ಟಾಗಿತ್ತು. ಎರಡೆಳೆ ಸರ ಬಾಕಿ ಉಳಿದಿತ್ತು. ಒಂದು ವರ್ಷದೊಳಗೆ ಸೋದರತ್ತೆ ಎರಡು ಸಲ ತವರಿಗೆ ಬಂದಳು. ಎರಡನೇ ಸಲ ಬಂದಾಗ ಬೆನ್ನ ಮೇಲೆ ಬಾಸುಂಡೆ. ಎಣ್ಣೆ ಹಚ್ಚಿದವಳು ಅಜ್ಜಿಯೇ. ಮನೆಯ ಗಂಡಸರು "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದರು. ಅಜ್ಜಿ ಮಡಿಲಕ್ಕಿ ಹಾಕಿ, "ಹೊಂದಿಕೊಂಡು ಹೋಗು ಮಗಳೇ, ದೇವರಿದ್ದಾನೆ" ಎಂದು ಕಳಿಸಿದಳು.

ಆ ಮಳೆಗಾಲ ಮುಗಿಯುವ ಮೊದಲೇ ಸುದ್ದಿ ಬಂತು. ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳಂತೆ. ಚಿಕ್ಕಂದಿನಿಂದ ಬಾವಿಯಲ್ಲೇ ನೀರು ಸೇದಿದ ಹುಡುಗಿಗೆ ಅಂದೇ ಹೇಗೆ ಕಾಲು ಜಾರಿತು ಎಂದು ಯಾರೂ ಕೇಳಲಿಲ್ಲ. ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧ ಎಂದು ಹೇಳಿದ 498ಎ ಕಲಂ ಬಂದದ್ದು 1983ರಲ್ಲಿ. ವರದಕ್ಷಿಣೆ ಸಾವು ಎಂಬುದಕ್ಕೆ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿದ್ದು 1986ರಲ್ಲಿ. ನನ್ನ ಸೋದರತ್ತೆ ಅದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಸತ್ತಳು.

ಆಮೇಲೆ ಅಜ್ಜಿಯ ಪೂಜೆ ಹೆಚ್ಚಾಯಿತು. ಎಲ್ಲರೂ ಅದನ್ನು ಭಕ್ತಿ ಎಂದರು. ಭಕ್ತಿ ಹೌದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗೌರಿ ಹಬ್ಬ ಬಂದಾಗ ನಾನು ಇನ್ನೊಂದು ಸಂಗತಿ ನೋಡುತ್ತಿದ್ದೆ. ಅಕ್ಕಿ, ಬೇಳೆ, ಬೆಲ್ಲ, ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಇಟ್ಟು ಅಜ್ಜಿ ಮೊರದ ಬಾಗಿನ ಕಟ್ಟುತ್ತಿದ್ದಳು. ಹೆಣ್ಣುಮಕ್ಕಳು ಇಬ್ಬರೇ ಉಳಿದಿದ್ದರೂ ಬಾಗಿನ ಮಾತ್ರ ಮೂರು. ಮೂರನೆಯದನ್ನು ಊರಿನಲ್ಲಿ ತವರಿಲ್ಲದ ಯಾವಳಾದರೂ ಒಬ್ಬಳಿಗೆ ಕೊಡುತ್ತಿದ್ದಳು. ಅದೇಕೆ ಎಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ.

1988ರ ದಸರಾ ರಜಕ್ಕೆ ನಾನು ಊರಿಗೆ ಹೋಗಿದ್ದೆ. ಒಂದು ರಾತ್ರಿ ನಮ್ಮ ಚಿಕ್ಕಪ್ಪನ ಮಗಳು ಎಳೆಗೂಸನ್ನು ಎತ್ತಿಕೊಂಡು ಬಂದು ಬಾಗಿಲು ತಟ್ಟಿದಳು. ತುಟಿ ಒಡೆದಿತ್ತು. ಚಿಕ್ಕಪ್ಪ ಕೆಟ್ಟವರಲ್ಲ. ಆದರೂ "ಬೆಳಗ್ಗೆ ನಾನೇ ಕರ್ಕೊಂಡು ಹೋಗಿ ಬುದ್ಧಿ ಹೇಳಿ ಬಿಟ್ಟು ಬರ್ತೀನಿ" ಎಂದರು. ಎಂಬತ್ತರ ಅಜ್ಜಿ ಹಾಸಿಗೆಯಿಂದ ಎದ್ದು ಬಂದು ಮಗುವನ್ನು ಕೈಗೆ ತೆಗೆದುಕೊಂಡಳು. "ಒಬ್ಬಳನ್ನ ಬಿಟ್ಟು ಬಂದದ್ದು ಸಾಕು. ಇವಳನ್ನ ಯಾರೂ ಎಲ್ಲಿಗೂ ಬಿಡಬೇಡಿ" ಎಂದಳು. ಮತ್ತೆ ಯಾರೂ ಮಾತಾಡಲಿಲ್ಲ. ಆ ತಂಗಿ ಮುಂದೆ ಅಂಗನವಾಡಿ ಕೆಲಸಕ್ಕೆ ಸೇರಿದಳು, ಮಗನನ್ನು ಓದಿಸಿದಳು. ಈಗ ಮೊಮ್ಮಗಳನ್ನು ಆಡಿಸುತ್ತಿದ್ದಾಳೆ.

ಅಜ್ಜಿ ಕ್ರಾಂತಿಕಾರಿಯೇನೂ ಆಗಲಿಲ್ಲ. ಕೊನೆಯವರೆಗೂ ಹೆರಿಗೆ ಸುದ್ದಿ ಬಂದರೆ "ಗಂಡೋ ಹೆಣ್ಣೋ" ಎಂದೇ ಮೊದಲು ಕೇಳುತ್ತಿದ್ದಳು. ಆದರೆ ತಾನು ಮಾಡಿದ ತಪ್ಪನ್ನು ತಪ್ಪೆಂದು ತಿಳಿದು, ಎರಡನೇ ಸಲ ಅದನ್ನು ಮಾಡಲಿಲ್ಲ. ನಾವು ಮೆಚ್ಚಬೇಕಾದದ್ದು ಅದನ್ನು. ನಾವೋ ಅವಳ ತಾಳ್ಮೆಯನ್ನು ಮಾತ್ರ ಎತ್ತಿಕೊಂಡು ಮೊಮ್ಮಕ್ಕಳ ಬಾಯಿ ಮುಚ್ಚಿಸಲು ಬಳಸುತ್ತಿದ್ದೇವೆ. ಇದು ಅವಳಿಗೆ ಮಾಡುವ ಅವಮಾನ ಎಂದು ನನ್ನ ಅಭಿಪ್ರಾಯ.

ಗೆಳತಿಯರೇ, ಹೊಡೆಯುವವನು ಗಂಡನ ಮನೆಯಲ್ಲಿದ್ದರೂ ಅವನಿಗೆ ಧೈರ್ಯ ಬರುವುದು ತವರಿನ ಮುಚ್ಚಿದ ಬಾಗಿಲಿನಿಂದ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆ ಅವನಿಗೂ ಗೊತ್ತು. ಕಾನೂನು ಈ ಗಾದೆಯನ್ನು ಎಂದೋ ಬಿಟ್ಟಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದೇ ಹಕ್ಕು ಕೊಟ್ಟಿತು. ಅಂದರೆ ತವರಿಗೆ ಬಂದ ಮಗಳು ನೆಂಟಳಲ್ಲ. ಆದರೂ ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಸಹಿ ಹಾಕುವ ಮೊದಲು ಓದಿ, ಓದಿಸಿ, ಸಂಘದಲ್ಲಿ ಕೇಳಿ.

ಗಂಡನ ಮನೆಯಿಂದಲೂ ಅವಳನ್ನು ಕಾನೂನು ಮೀರಿ ಹೊರಹಾಕುವಂತಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. 498ಎ ಈಗ, 2024ರ ಜುಲೈನಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ನಂಬರು ಬದಲಾಗಿದೆ, ಅಪರಾಧ ಅಪರಾಧವೇ. 181ಕ್ಕೆ ಫೋನ್ ಮಾಡಬಹುದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಆದರೆ ಇವೆಲ್ಲ ಸಿಗುವವರೆಗೆ ಅವಳಿಗೆ ಆ ಒಂದು ರಾತ್ರಿ ಮಲಗಲು ಜಾಗ ಬೇಕು. ಅದನ್ನು ಕೊಡುವವರು ನಾವು, ಅಮ್ಮಂದಿರು, ಅಜ್ಜಿಯರು.

ಈ ಸಲದ ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕೊಡುವಾಗ ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. "ಚೆನ್ನಾಗಿದ್ದೀಯಾ?" ಎಂದರೆ "ಹ್ಞೂಂ" ಎನ್ನುತ್ತಾಳೆ. ಅಷ್ಟಕ್ಕೇ ಬಿಡಬೇಡಿ. "ಅಲ್ಲಿ ಕಷ್ಟವಾದರೆ ಅರ್ಧರಾತ್ರಿಯಾದರೂ ಬಾ, ನಾನು ಬಾಗಿಲು ತೆಗೀತೀನಿ" ಎಂದು ಬಾಯಿಬಿಟ್ಟು ಹೇಳಿ. ನಮ್ಮ ಸೋದರತ್ತೆಗೆ ಆ ಮಾತನ್ನು ಯಾರೂ ಹೇಳಲಿಲ್ಲ.