ಮುಖಬೆಲೆ

ಷೇರೆಂದರೆ ಕಂಪೆನಿಯ ಮೂಲಧನದಲ್ಲಿ ಒಂದು ಅಂಶ. ಕಂಪೆನಿಯು ಅದಕ್ಕೆ ಗೊತ್ತುಮಾಡಿದ ಮೊತ್ತವು ಮುಖಬೆಲೆ. ಕೊಳ್ಳುವವರ, ಮಾರುವವರ ಒಪ್ಪಿಗೆಯಂತೆ ಏರಿಳಿಯುವುದು ಪೇಟೆಯ ಧಾರಣೆ. ಲಾಭದಲ್ಲಿ ಪಾಲುಗಾರರಿಗೆ ಹಂಚುವ ಹಣವು ಲಾಭಾಂಶ, ಇದನ್ನೇ ಡಿವಿಡೆಂಡೆನ್ನುವರು.

ಶಬ್ದಾರ್ಥವನ್ನರಿಯದೆ ಶ್ಲೋಕವನ್ನು ಉರುಹೊಡೆಯಬೇಡಿರೆಂದು ಬಾಲಕರಿಗೆ ಮೂವತ್ತು ವರ್ಷ ಬೋಧಿಸಿದ ನಾವೇ, ವಿಶ್ರಾಂತರಾದ ವರ್ಷ ‘ನೂರಕ್ಕೆ ನೂರು ಲಾಭಾಂಶ’ವೆಂಬ ಪ್ರಕಟಣೆಯನ್ನು ಕಂಡು, ಹಾಕಿದ ಧನವು ಇಮ್ಮಡಿಯಾಗುವುದೆಂದು ಭ್ರಮಿಸಿ, 400 ರೂಪಾಯಿ ಧಾರಣೆಯಲ್ಲಿ 100 ಷೇರುಗಳನ್ನು ಕೊಂಡೆವು. ಅವುಗಳ ಮುಖಬೆಲೆ ತಲಾ 2 ರೂಪಾಯಿ. ಲಾಭಾಂಶದ ಗಣನೆಯು ಮುಖಬೆಲೆಯ ಮೇಲಲ್ಲದೆ ನಾವು ತೆತ್ತ ಬೆಲೆಯ ಮೇಲಲ್ಲ. 40,000 ರೂಪಾಯಿಗೆ ಕೈಸೇರಿದುದು 200 ರೂಪಾಯಿ. ಎಂದರೆ ನೂರಕ್ಕೆ ಎಂಟಾಣೆ!

ವಾಚಕರು ಲಾಭಾಂಶದ ಮಾತು ಕೇಳಿದಾಗ ‘ಯಾವ ಬೆಲೆಯ ಮೇಲೆ?’ ಎಂದು ಮೊದಲು ವಿಚಾರಿಸತಕ್ಕುದು.