ಜಾರುಬಾಗಿಲಿಗೆ ಎಣ್ಣೆ ಬೇಡ

ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಮರದ ಬಾಗಿಲಿನ ಕೀಲಿಗೆ ಅದು ಸಲ್ಲುವ ಉಪಚಾರವೇ. ಆದರೆ ಬಾಲ್ಕನಿಯ ಅಲ್ಯೂಮಿನಿಯಂ ಜಾರುಬಾಗಿಲಿಗೂ ಕೊಬ್ಬರಿ ಎಣ್ಣೆ ಸುರಿಯುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅದನ್ನು ನಾನು ಒಪ್ಪಲಾರೆ. ಹಳಿಗೆ ಬಿದ್ದ ಎಣ್ಣೆಯು ಧೂಳನ್ನೂ ಕೂದಲನ್ನೂ ಹಿಡಿದಿಟ್ಟುಕೊಂಡು ಅಂಟುಕೆಸರಾಗುತ್ತದೆ. ಅದರಲ್ಲಿ ಸಿಕ್ಕ ರೋಲರು ಉರುಳುವುದನ್ನು ಬಿಟ್ಟು ತೆವಳತೊಡಗುತ್ತದೆ.

ಉರುಳು ಘರ್ಷಣೆಯು ಜಾರು ಘರ್ಷಣೆಗಿಂತ ಕಡಿಮೆ ಎಂದು ಬರೆದು ನೀವೆಲ್ಲ ಅಂಕ ಪಡೆದವರೇ. ಅದರ ಅರ್ಥ ತಿಳಿಯಬೇಕಾದರೆ ನಿಮ್ಮ ತಾಯಿಯವರು ಬಾಲ್ಕನಿಯ ಬಾಗಿಲನ್ನು ತೆರೆಯುವ ಬಗೆಯನ್ನು ಒಮ್ಮೆ ಗಮನಿಸಿ. 5 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಸುಮಾರು 12.5 ಕಿಲೋ ತೂಗುತ್ತದೆ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲಿನಲ್ಲಿ ಗಾಜಿನ ಭಾರವೇ 25 ಕಿಲೋ! ಚಕ್ರ ತಿರುಗುತ್ತಿದ್ದರೆ ಒಂದೇ ಕೈಗೆ ಸರಿಯುವ ಬಾಗಿಲು, ಚಕ್ರ ನಿಂತರೆ ಸೊಂಟವನ್ನೇ ಹಿಡಿಸುತ್ತದೆ. ‘ಬಿಗಿಯಾಗಿದೆ, ಬಿಡು’ ಎಂದು ಅದನ್ನು ತೆರೆಯುವುದನ್ನೇ ನಿಲ್ಲಿಸಿದ ಹಿರಿಯರಿದ್ದಾರೆ. ಬೆಳಗಿನ ಬಿಸಿಲು, ತುಳಸಿಯ ಕುಂಡ ಎಲ್ಲವೂ ಗಾಜಿನಾಚೆಗೆ ಉಳಿದಿವೆ. ದೂರದ ಊರುಗಳಲ್ಲಿರುವ ಮಕ್ಕಳಾದರೋ, ಅಮ್ಮನಿಗೆ ವಯಸ್ಸಾಯಿತೆಂದು ಮರುಗುತ್ತಾರೆ.

ಊರಿಗೆ ಬಂದಾಗ ಅರ್ಧ ಗಂಟೆ ಇದಕ್ಕಾಗಿ ಕೊಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಳಿಯ ಕೊಳೆಯನ್ನು ಕೆದಕಿ ತೆಗೆದು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಮಳೆನೀರು ಹೊರಹೋಗಲು ಹಳಿಯಲ್ಲಿ ಸಣ್ಣ ಕಂಡಿಗಳಿದ್ದರೆ ಮುಂಗಾರಿಗೆ ಮೊದಲೇ ಕಡ್ಡಿ ಹಾಕಿ ಬಿಡಿಸಿ. ಅವು ಕಟ್ಟಿಕೊಂಡರೆ ನೀರು ನಡುಮನೆಗೇ ಬರುತ್ತದೆ. ಜಾರಿಕೆ ಬೇಕೆನಿಸಿದರೆ ಸಿಲಿಕೋನ್ ಸ್ಪ್ರೇ ತೆಳುವಾಗಿ ಸಾಕು.

ಆಮೇಲೂ ಬಾಗಿಲು ಹಳಿಗೆ ಉಜ್ಜುತ್ತಿದ್ದರೆ ಅದರ ಅಂಚಿನಲ್ಲಿ ಕೆಳಗಡೆ ನೋಡಿ. ಅನೇಕ ಬಾಗಿಲುಗಳಲ್ಲಿ ಅಲ್ಲೊಂದು ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದಂತೆ ಆ ಬದಿಯ ಬಾಗಿಲು ಏರುತ್ತದೆ ಅಥವಾ ಇಳಿಯುತ್ತದೆ. ಚಕ್ರವೇ ಸವೆದು ಚಪ್ಪಟೆಯಾಗಿದ್ದರೆ ಬದಲಿಸದೆ ವಿಧಿಯಿಲ್ಲ. ಇಡೀ ಬಾಗಿಲನ್ನೇ ಹೊಸದಾಗಿ ಹಾಕಿಸಿ ಎನ್ನುವವರ ಮಾತಿಗೆ ಮಾತ್ರ ಅವಸರದಿಂದ ತಲೆದೂಗಬೇಡಿ. ಹಳೆಯ ರೋಲರನ್ನು ಕಳಚಿ ಅಂಗಡಿಗೆ ಒಯ್ದು, ಅದೇ ಅಳತೆಯ ಜೋಡಿಯನ್ನು ತನ್ನಿ. ಬಾಗಿಲನ್ನು ಮೇಲಿನ ಹಳಿಯೊಳಕ್ಕೆ ಎತ್ತಿ, ಕೆಳ ಅಂಚನ್ನು ಹೊರಕ್ಕೆ ಎಳೆದರೆ ಅದು ಬಿಡಿಸಿಕೊಳ್ಳುತ್ತದೆ. ಇದಕ್ಕೆ ಗಟ್ಟಿಮುಟ್ಟಾದ ಇಬ್ಬರು ಬೇಕು. ಅಪ್ಪನವರನ್ನು ಎರಡನೆಯವರಾಗಿ ಕರೆಯಬೇಡಿ.