ಕಾನೂನಿನ ಕಣ್ಣಿಗೆ ಬೀಳದ ಅಮ್ಮಂದಿರು

ಆಸ್ಟ್ರೇಲಿಯಾದ ಅಬೊರಿಜಿನಲ್ ಜನ ಎಂದರೆ ಮರಳುಗಾಡಿನಲ್ಲಿ ಈಟಿ ಹಿಡಿದು ನಿಂತವರೇ ನಮಗೆ ನೆನಪಾಗುತ್ತಾರೆ. ಆದರೆ ಅವರಲ್ಲಿ ಬಹುಪಾಲು ಮಂದಿ ಇರುವುದು ನಗರ, ಪಟ್ಟಣಗಳಲ್ಲಿ; ಸಿಡ್ನಿಯ ಪಶ್ಚಿಮ ಬಡಾವಣೆಗಳಲ್ಲೇ ದೊಡ್ಡ ಸಮುದಾಯವಿದೆ. ನೆರೆಯವರಂತೆಯೇ ದುಡಿಯುತ್ತಾರೆ, ಬಾಡಿಗೆ ಕಟ್ಟುತ್ತಾರೆ. ಕುಟುಂಬ ಎಂದರೆ ಯಾರು ಎಂಬಲ್ಲಿ ಮಾತ್ರ ಅವರಿಗೂ ದೇಶದ ಸಂಸ್ಥೆಗಳಿಗೂ ತಾಳಮೇಳವಿಲ್ಲ.

ಕನ್ನಡಿಗರಿಗೆ ಇದು ಅರ್ಥವಾಗದ ವಿಷಯವಲ್ಲ. ಹಲವು ಅಬೊರಿಜಿನಲ್ ಸಮುದಾಯಗಳಲ್ಲಿ ಅಮ್ಮನ ಅಕ್ಕತಂಗಿಯರೂ ಅಮ್ಮಂದಿರೇ, ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ. ಅವರ ಮಕ್ಕಳು ಒಡಹುಟ್ಟಿದವರು. ಸೋದರಮಾವ, ಸೋದರತ್ತೆಯರ ಮಕ್ಕಳ ಲೆಕ್ಕವೇ ಬೇರೆ. ಪಶ್ಚಿಮ ಆಸ್ಟ್ರೇಲಿಯಾದ ಕರಿಯೆರಾ ಜನರ ಬಂಧುತ್ವವನ್ನು ಮಾನವಶಾಸ್ತ್ರಜ್ಞರು ದ್ರಾವಿಡ ಬಂಧುತ್ವದ ಪಕ್ಕದಲ್ಲಿಟ್ಟೇ ಚರ್ಚಿಸುತ್ತ ಬಂದಿದ್ದಾರೆ.

ಒಂದು ಸಾವನ್ನೇ ನೋಡಿ. ‘ಸಾರಿ ಬಿಸಿನೆಸ್’ ಎಂದು ಅವರು ಕರೆಯುವ ಶೋಕಾಚರಣೆ ವಾರಗಟ್ಟಲೆ ನಡೆಯಬಹುದು. ದೂರದೂರದ ಬಂಧುಗಳು ಬಂದು ಸೇರಲೇಬೇಕು. ಹಲವೆಡೆ ಸತ್ತವರ ಹೆಸರೆತ್ತುವಂತಿಲ್ಲ. ಅದೇ ಹೆಸರಿನ ಇನ್ನೊಬ್ಬರಿದ್ದರೆ ಅವರನ್ನೂ ಬೇರೆ ಹೆಸರಿನಿಂದ ಕರೆಯುತ್ತಾರೆ. ದೇಶದ ಕಾರ್ಮಿಕ ಕಾನೂನು ಕೊಡುವ ರಜೆ ಎರಡು ದಿನ, ಅದೂ ಹತ್ತಿರದ ಕುಟುಂಬದವರು ಇಲ್ಲವೇ ಒಂದೇ ಮನೆಯಲ್ಲಿದ್ದವರು ತೀರಿಕೊಂಡರೆ. ಬೇರೆ ಮನೆಯಲ್ಲಿದ್ದ ಚಿಕ್ಕಮ್ಮ ಆ ಪಟ್ಟಿಯಲ್ಲಿಲ್ಲ. ಕೆಲವು ಸಂಸ್ಥೆಗಳು ಪ್ರತ್ಯೇಕ ರಜೆ ಕೊಡುತ್ತವೆ, ನಿಜ. ಉಳಿದ ಕಡೆ, ಎತ್ತಿ ಆಡಿಸಿದವಳ ಮಣ್ಣಿಗೆ ಹೋದವನು ಹೇಳದೆ ಕೇಳದೆ ಕೆಲಸ ತಪ್ಪಿಸಿದವನಾಗುತ್ತಾನೆ. ‘ಈ ಜನರನ್ನು ನಂಬುವಂತಿಲ್ಲ’ ಎಂಬ ಮಾತು ಬೆಳೆಯುವುದು ಹೀಗೆ.

ಮಕ್ಕಳ ವಿಷಯದಲ್ಲಿ ಈ ಕುರುಡುತನ ಕ್ರೂರವಾಗುತ್ತದೆ. 1970ರ ಸುಮಾರಿನವರೆಗೂ ಸರ್ಕಾರಗಳೇ ಅಬೊರಿಜಿನಲ್ ಮಕ್ಕಳನ್ನು ಮನೆಯಿಂದ ಕಿತ್ತೊಯ್ದವು. ಅದಕ್ಕಾಗಿ ಪ್ರಧಾನಿ ಕೆವಿನ್ ರಡ್ 2008ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಇಂದಿಗೂ ಹೆತ್ತವರಿಂದ ಬೇರ್ಪಟ್ಟು ಸರ್ಕಾರದ ಪಾಲನಾ ವ್ಯವಸ್ಥೆಯಲ್ಲಿರುವ ಮಕ್ಕಳಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಮೂಲನಿವಾಸಿಗಳು. ಜನಸಂಖ್ಯೆಯಲ್ಲಿ ಆ ಸಮುದಾಯದ ಪಾಲು ಶೇ 4ರ ಆಸುಪಾಸು. ಬಡತನ, ಕುಡಿತ, ಹಿಂಸೆ ಸುಳ್ಳಲ್ಲ. ಕೆಲವು ಮಕ್ಕಳಿಗೆ ರಕ್ಷಣೆ ಬೇಕೇ ಬೇಕು. ಆದರೆ ಸಾಕಲು ದೊಡ್ಡಮ್ಮ ಸಿದ್ಧಳಿದ್ದಾಗ, ಹತ್ತು ಜನರಿರುವ ಅವಳ ಮನೆ ಅಧಿಕಾರಿಗೆ ಆಸರೆಯಾಗಿ ಕಾಣಬೇಕೇ, ಇಕ್ಕಟ್ಟಾಗಿಯೇ? ಮೊದಲು ಬಂಧುಗಳನ್ನು ಹುಡುಕಬೇಕೆಂಬ ನಿಯಮವಿದೆ, ಪಾಲನೆ ಅರೆಬರೆ.

ಇಂಥ ನೀತಿಗಳ ಬಗ್ಗೆ ಸಂಸತ್ತಿಗೆ ಸಲಹೆ ನೀಡಲು ಮೂಲನಿವಾಸಿಗಳದೇ ಮಂಡಳಿ ಬೇಕೆಂಬ ಪ್ರಸ್ತಾವವನ್ನು 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಸುಮಾರು ಶೇ 60 ಮತದಾರರು ತಳ್ಳಿಹಾಕಿದರು. ಅದು ದೊಡ್ಡ ನಷ್ಟ. ಆದರೂ ಕಾನೂನು ಬಗ್ಗಬಲ್ಲದು. ದೇಶದ ಇನ್ನೊಂದು ಮೂಲನಿವಾಸಿ ಸಮುದಾಯವಾದ ಟೊರೆಸ್ ಜಲಸಂಧಿಯ ದ್ವೀಪವಾಸಿಗಳು ಮಗುವನ್ನು ಬಂಧುಗಳ ಮಡಿಲಿಗೆ ಒಪ್ಪಿಸುವ ಪದ್ಧತಿಗೆ ಕ್ವೀನ್ಸ್‌ಲ್ಯಾಂಡ್ ರಾಜ್ಯ 2020ರಲ್ಲೇ ಕಾನೂನಿನ ಮಾನ್ಯತೆ ಕೊಟ್ಟಿತು. ಸಾಕಿದವರ ಹೆಸರಲ್ಲೇ ಜನನ ಪ್ರಮಾಣಪತ್ರ ಸಿಗುತ್ತದೆ. ಆ ಮಟ್ಟದ ಗೌರವವನ್ನು ಅಬೊರಿಜಿನಲ್ ಬಂಧುತ್ವಕ್ಕೂ ಕೊಡಲು ಎಲ್ಲ ರಾಜ್ಯಗಳೂ ಇನ್ನು ತಡಮಾಡಬಾರದು.